ಚಳಿಗಾಲದ ಹರಳು

ಅತ್ತೆ ಮತ್ತೆ ಕೂಗಿದಳು.

ಔಷಧ ವಿಭಾಗದ ಮುಖ್ಯಸ್ಥೆ ನೀಲಾಂಬಿಕಾ ಹೂಗಾರ ತುಟಿಗಿಟ್ಟಿದ್ದ ಚಹಾದ ಲೋಟವನ್ನು ಕಿಟಕಿಯ ಕಟ್ಟೆಗೆ ಕುಕ್ಕಿ ಕೂಸುಗಳ ವಾರ್ಡಿನ ಕಡೆ ಓಡಿದಳು. ಓಡುತ್ತಲೇ ಬೈದಳು. ಯಾರನ್ನು ಬೈಯುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ.

ಹಿರೇಬಾವಿಯ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಅತ್ತೆ ಎಂದರೆ ಹೆಂಗಸಲ್ಲ, ಯಂತ್ರ. ಔಷಧ ವಿಭಾಗದ ಗಾಜಿನ ಕೋಣೆಯಲ್ಲಿ ಎರಡು ಕಪಾಟಿನಷ್ಟು ಜಾಗ ಹಿಡಿದು ನಿಂತಿತ್ತು. ಹೊಟ್ಟೆ ಕೆಲಸ ಮಾಡದ ಕೂಸಿಗೆ ರಕ್ತನಾಳದಿಂದಲೇ ಊಟ ಕೊಡಬೇಕಲ್ಲ, ಆ ಊಟವನ್ನು ಮನುಷ್ಯರ ಕೈ ಸೋಕದ ಹಾಗೆ ಕಲಸಿ ಚೀಲಕ್ಕೆ ತುಂಬುವುದು ಅದರ ಕೆಲಸ. ಸಕ್ಕರೆ ನೀರು, ಪ್ರೋಟೀನಿನ ಸಾರ, ಉಪ್ಪು, ಕ್ಯಾಲ್ಸಿಯಂ, ಫಾಸ್ಫೇಟ್, ವಿಟಮಿನ್ನು, ಎಲ್ಲವನ್ನೂ ಹನಿಹನಿಯಾಗಿ ತೂಗುತ್ತಿತ್ತು. ಕೂಸಿನ ರಕ್ತದ ವರದಿಯನ್ನು ತಾನೇ ಓದಿ, ಇವತ್ತು ಇದಕ್ಕೆ ಉಪ್ಪು ಕಡಿಮೆ ಸಾಕು, ಸಕ್ಕರೆ ತುಸು ಹೆಚ್ಚಿರಲಿ ಎಂದು ತಾನೇ ತೀರ್ಮಾನಿಸುತ್ತಿತ್ತು. ತಯಾರಾದ ಚೀಲದಿಂದ ಒಂದು ಗುಟುಕು ತೆಗೆದು ಬೆಳಕಿಗೆ ಹಿಡಿದು ನೋಡಿ, ಸರಿ ಅನ್ನಿಸಿದರೆ ಮಾತ್ರ ಹೊರಗೆ ಬಿಡುತ್ತಿತ್ತು. ಅಷ್ಟಕ್ಕೂ ಸಮಾಧಾನವಿಲ್ಲದೆ ಪ್ರತಿ ತೊಟ್ಟಿಲ ಹತ್ತಿರ, ಕೂಸಿಗೆ ಹೋಗುವ ಸಣ್ಣ ನಳಿಕೆಗೆ ಒಂದು ಚಿಮಟಿಗೆಯಂಥ ಬೆಳಕಿನ ಕಣ್ಣು ಕಚ್ಚಿಸಿತ್ತು. ಬಾಟಲಿ ಓರೆಯಾದರೆ ಕೂಗು. ಕೈಗವಸು ಹರಿದಿದ್ದರೆ ಕೂಗು. ಬಾಗಿಲು ತುಸು ತೆರೆದು ಮಾತಿಗೆ ನಿಂತರೆ ಕೂಗು. ಯಾರು ಏನು ಮಾಡಿದರೂ ಅದಕ್ಕೆ ಸರಿಬರುತ್ತಿರಲಿಲ್ಲ. ಬಂದ ಹೊಸದರಲ್ಲೇ ನರ್ಸುಗಳು ಅದಕ್ಕೆ ಅತ್ತೆ ಎಂದು ಹೆಸರಿಟ್ಟರು. ಕಂಪನಿಯವರ ಇಂಗ್ಲಿಷ್ ಹೆಸರು ಬೆನ್ನ ಮೇಲಿನ ತಗಡಿನಲ್ಲೇ ಉಳಿಯಿತು.

ವಾರ್ಡಿನಲ್ಲಿ ನಿಂಬೆವ್ವನ ಮೊಮ್ಮಗಳ ತೊಟ್ಟಿಲ ಮೇಲೆ ಕೆಂಪು ದೀಪ ಹತ್ತಿ ಆರುತ್ತಿತ್ತು. ಸಿಸ್ಟರ್ ರೋಹಿಣಿ ನಳಿಕೆ ಬಂದ್ ಮಾಡಿ ನಿಂತಿದ್ದಳು.

"ಮತ್ತ ಹರಳ ಬಂದಾವ್ರಿ ಮೇಡಂ."

ನೀಲಾಂಬಿಕಾ ನಳಿಕೆಯ ಸೋಸುಬಿಲ್ಲೆಯನ್ನು ಬಿಚ್ಚಿ ದೀಪಕ್ಕೆ ಹಿಡಿದಳು. ಗೋಡೆಯ ಸುಣ್ಣ ಉದುರಿದ ಹಾಗೆ ಬಿಳಿಯ ಪುಡಿ. ಕಣ್ಣಿಗೆ ಕಂಡದ್ದು ಇಷ್ಟಾದರೆ ಕಾಣದ್ದು ಎಷ್ಟೋ.

ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ಕೂಸಿನ ಎಲುಬಿಗೆ ಬೇಕು. ಎರಡೂ ಒಂದೇ ಚೀಲದಲ್ಲಿ ಹೊಂದಿಕೊಂಡಿರಬೇಕು. ಹದ ತಪ್ಪಿದರೆ ಒಂದನ್ನೊಂದು ಅಪ್ಪಿಕೊಂಡು ಹರಳಾಗಿಬಿಡುತ್ತವೆ. ಅಂಗೈ ಅಗಲದ ಕೂಸಿನ ಎದೆಯೊಳಗೆ, ಕೂದಲಿಗಿಂತ ಸಣ್ಣ ರಕ್ತನಾಳದಲ್ಲಿ ಆ ಹರಳು ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಅತ್ತೆಯ ಕಣ್ಣು, ಸೋಸುಬಿಲ್ಲೆ ಎರಡೂ ಇದ್ದದ್ದಕ್ಕೆ ಕೂಸು ಉಳಿದಿತ್ತು. ಆದರೆ ಪ್ರತಿ ಸಲ ಹೀಗಾದಾಗಲೂ ಊಟ ನಿಲ್ಲುತ್ತಿತ್ತು. ಬರೀ ಸಕ್ಕರೆ ನೀರು ಹಚ್ಚುತ್ತಿದ್ದರು.

"ತೂಕ ಇಳೀಲಾಕ್ಹತ್ತೈತಿ ಅಕ್ಕಾರ," ಅಂದರು ಡಾಕ್ಟರ್ ಇರ್ಫಾನ್ ಮುಲ್ಲಾ. ವಾರ್ಡಿನ ಮುಖ್ಯಸ್ಥರು ಅವರೇ. ಎತ್ತರದ ಆಳು, ತೊಟ್ಟಿಲ ಮುಂದೆ ನಿಂತಾಗ ಮಾತ್ರ ಗೂನಾಗುತ್ತಿದ್ದರು. "ಕರಳ ಕೊಳತು ಆಪರೇಶನ್ ಆಗೇತಿ. ಉಳದದ್ದು ಗೇಣುದ್ದ. ಅದು ಹಾಲ ಅರಗಿಸಿಕೊಳ್ಳೂದು ಕಲಿಯೂತನಕ ಈ ಬ್ಯಾಗ ಬಿಟ್ರ ಅದಕ್ಕ ಬ್ಯಾರೆ ಊಟ ಇಲ್ಲ."

"ಗೊತ್ತೈತ್ರಿ. ನನಗ ಪಾಠ ಹೇಳಬ್ಯಾಡ್ರಿ."

ನೀಲಾಂಬಿಕಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಆಸ್ಪತ್ರೆಗೆಲ್ಲ ಗೊತ್ತಿತ್ತು.

ಗೋಡೆಗೆ ಒರಗಿ ಚಾದರ ಹೊದ್ದು ಕೂತಿದ್ದ ನಿಂಬೆವ್ವ ಎದ್ದು ಬಂದಳು. ಹತ್ತಿ ಬಿಡಿಸುವ ಅರಳೆ ಜಿನ್ನಿನಲ್ಲಿ ಕೂಲಿ ಮಾಡುವ ಹೆಂಗಸು. ಮಗಳು ಜ್ವರದಿಂದ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು, ಇವಳು ಮೊಮ್ಮಗಳನ್ನು ಕಾಯುತ್ತಿದ್ದಳು. "ಏನಾತಬೇ ಯವ್ವಾ? ಮತ್ತ ಊಟ ಬಂದ್ ಮಾಡಿದ್ರೇನ?"

"ಬರತೈತಿ. ಹೊಸಾದು ಬರತೈತಿ. ನೀ ಕುಂಡ್ರು."

"ಆ ಮಿಷನ್ನಿಗೆ ನಮ್ಮ ಕೂಸಿನ ಮ್ಯಾಲ ಏನ್ ಹಗಿ ಐತಿ ಅಂತೇನಿ."

ನೀಲಾಂಬಿಕಾ ಸೋಸುಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಔಷಧ ವಿಭಾಗಕ್ಕೆ ನಡೆದಳು.

ಗಾಜಿನ ಕೋಣೆಯ ಹೊರಗೆ ಕಂಪನಿಯ ಎಂಜಿನಿಯರ್ ಪ್ರಣವ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತಿದ್ದ. ಬೆಂಗಳೂರಿನಿಂದ ಬಂದವನು. ಹಿರೇಬಾವಿಯ ಖಾರಕ್ಕೆ ಹೊಟ್ಟೆ ಕೆಟ್ಟು ಮೊಸರನ್ನದ ಮೇಲಿದ್ದ.

"ಮೇಡಂ, ಇಲ್ಲಿಂದ ಹೊರಗೆ ಹೋಗುವಾಗ ಬ್ಯಾಗ್ ಕ್ಲಿಯರ್ ಇದೆ. ಒಂದು ಕಣ ಇಲ್ಲ. ಅದೇ ಬ್ಯಾಚಿಂದು ಇಲ್ಲೇ ಇಟ್ಟು ನೋಡಿದೀನಿ, ಈಗಲೂ ಕ್ಲಿಯರ್. ನಮ್ಮ ಮಷೀನ್‌ದು ತಪ್ಪಿಲ್ಲ."

"ಹಂಗಾರ ವಾರ್ಡಿನಾಗ ದೆವ್ವ ಬಂದು ಸುಣ್ಣಾ ಹಾಕ್ತೈತೇನು?"

"ಒಂದೇ ಸಾಧ್ಯತೆ ಇರೋದು. ಬಿಸಿ." ಪ್ರಣವ್ ಪರದೆ ತಿರುಗಿಸಿ ತೋರಿಸಿದ. ಸಕ್ಕರೆ ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಈ ಹರಳಿನ ಸ್ವಭಾವ ಅದರ ತಿರುಗಾಮುರುಗಾ, ಕಾದಷ್ಟೂ ಬೇಗ ಕಟ್ಟುತ್ತದೆ. "ಆದ್ರೆ ಬಿಸಿ ಎಲ್ಲಿಂದ ಬರುತ್ತೆ ಹೇಳಿ? ಏಪ್ರಿಲ್ಲಲ್ಲಿ ಕರೆಂಟ್ ಹೋಗಿ ಈ ಊರು ಕಾದ ಹಂಚಾಗಿತ್ತಲ್ಲ, ಆಗ ಒಂದೇ ಒಂದು ಅಲಾರಂ ಆಗಿಲ್ಲ. ಈಗ ನಾನು ಎರಡು ಸ್ವೆಟರ್ ಹಾಕ್ಕೊಂಡು ಕೂತಿದೀನಿ, ಈಗ ಆಗ್ತಿದೆ. ಫಿಸಿಕ್ಸೇ ಉಲ್ಟಾ ಆದ್ರೆ ನಾನೇನು ಮಾಡ್ಲಿ?"

ಅದೇ ಅವಳ ತಲೆಯನ್ನೂ ತಿನ್ನುತ್ತಿದ್ದುದು. ಸುಡುಸುಡು ಬೇಸಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಅತ್ತೆ, ಹಲ್ಲು ಕಟಕಟಿಸುವ ಚಳಿಯಲ್ಲಿ ಯಾಕೆ ತಕರಾರು ತೆಗೆದಳು?

ನೀಲಾಂಬಿಕಾ ವಾರ್ಡಿನ ನರ್ಸುಗಳನ್ನು ಆಗಲೇ ಕರೆದು ಕೇಳಿದ್ದಳು. ಚೀಲ ಬಿಸಿಲಿಗೆ ಇಟ್ಟಿದ್ದಿರೇನು? ಇಲ್ರಿ. ಫ್ರಿಜ್ ಕೆಟ್ಟಿತ್ತೇನು? ಇಲ್ರಿ. ಚೀಲದೊಳಗೆ ಬೇರೆ ಔಷಧ ಚುಚ್ಚಿದಿರೇನು? ದೇವರಾಣೆ ಇಲ್ರಿ. ಯಾರೂ ಸುಳ್ಳು ಹೇಳುತ್ತಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಮಧ್ಯಾಹ್ನ ಆಸ್ಪತ್ರೆಯ ಅಧೀಕ್ಷಕ ಡಾಕ್ಟರ್ ಕಟ್ಟೀಮನಿ ಕರೆಸಿದರು. ಕುರ್ಚಿಯಲ್ಲಿ ಕೂರಲಿಕ್ಕೂ ಹೇಳಲಿಲ್ಲ.

"ಸೋಮವಾರ ಸಭೆ ಐತಿ. ಅಷ್ಟರಾಗ ಕಾರಣ ಸಿಗಲಿಲ್ಲಂದ್ರ ಮಿಷನ್ ಬಂದ್ ಮಾಡಿ ವಾಪಸ್ ಕಳಿಸೂದು. ನಾಳೆ ಒಂದ್ ಹರಳ ಆ ಕಣ್ಣ ತಪ್ಪಿಸಿ ಒಳಗ ಹೋದ್ರ ಪೇಪರಿನಾಗ ನನ್ನ ಫೋಟೋ ಬರತೈತಿ, ನಿಮ್ದಲ್ಲ."

"ಮಿಷನ್ ಬಂದ್ ಆದ್ರ ಕೂಸಿಗೆ ಊಟ?"

"ಬೆಂಗಳೂರಿಗೆ ಕಳಿಸೂದು."

"ಆ ಕೂಸು ಆಂಬುಲೆನ್ಸಿನಾಗ ಬೆಂಗಳೂರು ಮುಟ್ಟೂದಿಲ್ಲ ಅಂತ ಮುಲ್ಲಾ ಸರ್ ಹೇಳ್ಯಾರ."

"ಹಂಗಾರ ಮೊದಲಿನಂಗ ಕೈಲೆ ಕಲಸ್ರಿ."

ನೀಲಾಂಬಿಕಾಳ ಕೈ ಮೇಜಿನ ಮೇಲೆ ಬಿತ್ತು. ಪೆನ್ನುಗಳು ಎಗರಿದವು. "ಕೈಲೆ ಕಲಸಿದ ದಿವಸಗಳು ನಿಮಗ ನೆನಪಿಲ್ಲ, ನನಗ ಅದಾವ. ಎಷ್ಟ ಸಲ ಕೈ ತೊಳದ್ರೂ, ಎಷ್ಟ ಮುಖಾ ಕಟ್ಕೊಂಡ್ರೂ ಒಂದಿಲ್ಲೊಂದು ಕೂಸಿನ ರಕ್ತದಾಗ ನಂಜ ಸೇರತಿತ್ತು. ಆ ಕೆಲಸಕ್ಕ ನಾ ತಿರುಗಿ ಹೋಗೂದಿಲ್ಲ. ಕಾರಣ ಹುಡುಕ್ತೀನಿ."

"ಮೇಜ ಸರ್ಕಾರದ್ದು, ಸಾವಕಾಶ," ಅಂದರು ಕಟ್ಟೀಮನಿ.

ಸಂಜೆ ಮನೆಗೆ ಬಂದಾಗ ಅಂಗಳಕ್ಕೇ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಬಡಿಯಿತು. ಮಗಳು ಅಕ್ಷತಾ ಬಾಣಂತನಕ್ಕೆ ಬಂದಿದ್ದಳು. ಒಳಕೋಣೆಯಲ್ಲಿ ಹೊರಸು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿಟಕಿಗೆ ಗೋಣಿತಾಟು. ಬಾಣಂತಿ ತಲೆಗೆ ಬಟ್ಟೆ ಬಿಗಿದುಕೊಂಡು ಬೆವರುತ್ತಿದ್ದಳು. ಹೊರಸಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದವಳು ನೀಲಾಂಬಿಕಾಳ ಖಾಸಾ ಅತ್ತೆ, ಕಾಶವ್ವ. ಹಲ್ಲು ಬಿದ್ದರೂ ಮಾತಿನ ಹರಿತ ಹೋಗಿರಲಿಲ್ಲ.

"ಬಂದ್ಯಾ? ಆಸ್ಪತ್ರಿ ಅತ್ತಿ ಬಿಟ್ಟಳೇನು ನಿನ್ನ? ಬಾ, ಮನೀ ಅತ್ತಿದು ಸೇವಾ ಮಾಡು."

"ಅತ್ತೀ, ಹೊಗಿ ಕಡಿಮಿ ಮಾಡ್ರಿ. ಕೂಸಿಗೆ ಉಸರ ಕಟ್ಟತೈತಿ."

"ನಿನ್ನ ಗಂಡನ್ನೂ ಇದ ಹೊಗ್ಯಾಗ ಬೆಳಸೀನಿ. ಅವಂಗ ಉಸರ ಕಟ್ಟೇತೇನ? ನಿನ್ನ ಮುಂದ ಬಾಯಿ ಕಟ್ಟೇತಿ, ಅದು ಬ್ಯಾರೆ ಮಾತು."

ಅಕ್ಷತಾ ನಕ್ಕಳು. ನೀಲಾಂಬಿಕಾಳಿಗೆ ನಗು ಬರಲಿಲ್ಲ. ಗೋಡೆಗೊರಗಿ ಕಾಲು ಚಾಚಿ ಕೂತಳು. ಕಣ್ಣ ಮುಂದೆ ಬಿಳಿಯ ಪುಡಿ ಕುಣಿಯುತ್ತಲೇ ಇತ್ತು.

"ಅಜ್ಜೀ, ಕೂಸಿಂದು ವಿಟಮಿನ್ ಹನಿ ಹಾಕೂ ಹೊತ್ತಾತು," ಅಂದಳು ಅಕ್ಷತಾ.

"ಹಾಕೂಣಂತ ತಡಿ. ಇನ್ನಾ ಬೆಚ್ಚಗಾಗಿಲ್ಲ."

ಕಾಶವ್ವ ಬಲ ಬಗಲಿನಿಂದ ಸಣ್ಣ ಶೀಸೆಯನ್ನು ತೆಗೆದು ಕೆನ್ನೆಗೆ ಒತ್ತಿ ನೋಡಿದಳು. ಮನಸ್ಸಿಗೆ ಬರಲಿಲ್ಲ. ತಿರುಗಿ ಬಗಲಲ್ಲಿಟ್ಟು ತೋಳು ಬಿಗಿ ಮಾಡಿಕೊಂಡಳು.

ನೀಲಾಂಬಿಕಾ ಬೈಯಲು ಬಾಯಿ ತೆರೆದಳು. ಔಷಧವನ್ನು ಹೀಗೆ ಕಾಯಿಸಬಾರದು, ಶೀಸೆಯ ಮೇಲೇ ಬರೆದಿದೆ ಎಂದು ಹೇಳುವವಳಿದ್ದಳು. ತೆರೆದ ಬಾಯಿ ಹಾಗೇ ಉಳಿಯಿತು.

"ಅತ್ತೀ. ಯಾಕ ಹಂಗ ಇಟ್ಕೊಂಡ್ರಿ?"

"ಯಾಕಂದ್ರ? ತಣ್ಣಂದು ಕೂಸಿನ ಮೈಯಾಗ ಹೋಗಬಾರದು. ಥಂಡಿ ಆಗಿ ಎದಿ ಕಟ್ಟತೈತಿ. ನೀ ಕಲತ ಕಾಲೇಜಿನಾಗ ಇದನ್ನ ಹೇಳಿಲ್ಲೇನು?"

"ಬ್ಯಾಸಗ್ಯಾಗೂ ಹಿಂಗ ಬಗಲಾಗ ಇಟ್ಕೋತೀರೇನು?"

ಕಾಶವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ತಲಿ ಗಿಲಿ ಕೆಟ್ಟೈತೇನ ನಿನಗ? ಬ್ಯಾಸಗ್ಯಾಗ ಯಾಕ ಇಟ್ಕೊಳ್ಳಿ? ಬ್ಯಾಸಗ್ಯಾಗ ಅದು ತಾನ ಬೆಚ್ಚಗಿರತೈತಿ."

ನೀಲಾಂಬಿಕಾ ಎದ್ದಳು. ಎದ್ದ ರಭಸಕ್ಕೆ ತಲೆ ಗೂಡಿಗೆ ಬಡಿಯಿತು. ಅದನ್ನೂ ಲೆಕ್ಕಿಸದೆ ಚಪ್ಪಲಿ ಮೆಟ್ಟಿದಳು.

"ಈಗರ ಬಂದೀದಿ, ಮತ್ತೆಲ್ಲಿಗೆ?"

"ಇನ್ನೊಬ್ಬ ಅತ್ತಿ ಕಡೆ!"

ವಾರ್ಡಿನಲ್ಲಿ ಸಿಸ್ಟರ್ ರೋಹಿಣಿ ಫ್ರಿಜ್ಜಿನಿಂದ ಹೊಸ ಚೀಲ ತೆಗೆಯುತ್ತಿದ್ದಳು. ನೀಲಾಂಬಿಕಾ ಬಾಗಿಲ ಹತ್ತಿರವೇ ನಿಂತಳು. ಕೂಗಿಬಿಡಬೇಕೆನ್ನಿಸಿತು. ಕೂಗಿದರೆ ಅವಳು ಹೆದರಿ ಬೇರೇನೋ ಮಾಡಿಯಾಳೆಂದು ತುಟಿ ಕಚ್ಚಿ ನಿಂತು ನೋಡಿದಳು.

ರೋಹಿಣಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅದರ ಮೇಲಿನ ಹೆಸರನ್ನು ತೊಟ್ಟಿಲ ಹೆಸರಿಗೆ ತಾಳೆ ನೋಡಿದಳು. ಆಮೇಲೆ ಕೂಸಿಗೆ ಕಾವು ಕೊಡುವ ವಾರ್ಮರಿನ ನೆತ್ತಿಯ ಮೇಲೆ, ಒಳಗೆ ಕಾವಿನ ಸಲಾಕೆ ಕೆಂಪಗೆ ಉರಿಯುವ ಕಡೆ, ಚೀಲವನ್ನು ಮಲಗಿಸಿದಳು. ಮಗುವಿಗೆ ಹೊದಿಸುವ ಹಾಗೆ ಅದರ ಮೇಲೊಂದು ಬಟ್ಟೆಯನ್ನೂ ಮುಚ್ಚಿದಳು. ಕೆಳಗೆ ಕೂತ ನಿಂಬೆವ್ವ, ಸರಿ ಎಂಬಂತೆ ತಲೆಯಾಡಿಸಿದಳು.

"ರೋಹಿಣಿ."

ಹುಡುಗಿ ತಿರುಗಿದಳು.

"ಅದನ್ನ ಅಲ್ಲಿ ಯಾಕಿಟ್ಟಿ?"

"ಬೆಚ್ಚಗಾಗ್ಲಿ ಅಂತ್ರಿ. ಫ್ರಿಜ್ಜಿನಾಗಿಂದು ಕೈಯಾಗ ಹಿಡಿಯಾಕ ಆಗವಲ್ದು, ಅಷ್ಟ ಥಂಡಿ ಐತಿ. ಬ್ಯಾಸಗ್ಯಾಗ ಹೊರಗಿಟ್ರ ಥಂಡಿ ತಾನ ಹೋಗತಿತ್ತು, ಈಗ ಹೋಗವಲ್ದು. ಬೆಚ್ಚಗಾದ ಮ್ಯಾಲ ಹಚ್ತೀವ್ರಿ. ಎಲ್ಲಾರೂ ಹಂಗ ಮಾಡ್ತಾರ."

"ನಾ ಕೇಳಿದಾಗ ಯಾಕ ಹೇಳಲಿಲ್ಲ?" ದನಿ ಏರಿಯೇ ಬಿಟ್ಟಿತು. ಪಕ್ಕದ ತೊಟ್ಟಿಲ ಕೂಸು ಬೆಚ್ಚಿತು.

"ಬಿಸಲಿಗೆ ಇಟ್ಟಿದ್ರೇನು ಅಂತ ಕೇಳಿದ್ರಿ. ಬಿಸಲಿಗೆ ಇಟ್ಟಿದ್ದಿಲ್ಲ. ಬಿಸಿ ಮಾಡಿದ್ರೇನು ಅಂತ ಕೇಳಿದ್ರೂ ಇಲ್ಲಂತಿದ್ನೋ ಏನೋ. ಇದು ಬಿಸಿ ಮಾಡೂದಂತ ನನಗ ಅನಸೇ ಇಲ್ರಿ. ತಣ್ಣಗಿದ್ದದ್ದು ಹೋಗ್ಲಿ ಅಂತ ಇಟ್ಟಿದ್ದೆ." ರೋಹಿಣಿ ಚೀಲದ ಮೇಲಿನ ಬಟ್ಟೆಯನ್ನು ಎಳೆದು ತೆಗೆದಳು. "ನಾನ ಮಾಡಿದ್ನೇನ್ರಿ ಇದನ್ನ?"

ನಿಂಬೆವ್ವ ಎದ್ದು ಹುಡುಗಿಯ ಮುಂದೆ ಅಡ್ಡ ನಿಂತಳು. "ಅಕೀಗಿ ಏನೂ ಅನಬ್ಯಾಡಬೇ. ಥಂಡಿ ನೀರ ಹಚ್ಚಬ್ಯಾಡ್ರಿ ಅಂತ ನಾನ ದಿನಾ ಕಾಲ ಬೀಳತಿದ್ದೆ. ಬೈಯೂದಿದ್ರ ನನಗ ಬೈ."

ಅಷ್ಟರಲ್ಲಿ ಡಾಕ್ಟರ್ ಮುಲ್ಲಾ ಬಂದಿದ್ದರು. ವಾರ್ಮರಿನ ನೆತ್ತಿ ನೋಡಿದರು, ಚೀಲ ನೋಡಿದರು.

"ನಾನೂ ಇದನ್ನ ದಿನಾ ನೋಡೀನಿ ಅಕ್ಕಾರ," ಅಂದರು. "ಇಲ್ಲೇ ನಿಂತು ನೋಡೀನಿ. ನಮ್ಮ ಅಮ್ಮೀನೂ ನನಗ ಔಷಧ ಕೊಡೂ ಮುಂದ ಬಾಟ್ಲಿ ಬಿಸಿ ನೀರಾಗ ಇಡತಿದ್ದಳು. ಅದಕ್ಕ ಕಣ್ಣಿಗೆ ಬಿದ್ರೂ ತಲೀಗೆ ಹೋಗಲಿಲ್ಲ."

ನೀಲಾಂಬಿಕಾಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಬಗಲಲ್ಲಿ ಶೀಸೆ ಅವುಚಿಕೊಂಡ ಕಾಶವ್ವ, ಕಾಲಿಗೆ ಬೀಳುವ ನಿಂಬೆವ್ವ, ಬಟ್ಟೆ ಹೊದಿಸುವ ರೋಹಿಣಿ. ಕೂಸಿನ ಮೇಲಿನ ಮಮತೆಯೇ ಹರಳಾಗಿ ಕೂಸಿನ ಕಡೆ ಹೊರಟಿತ್ತು. ಇದರಲ್ಲಿ ಯಾರನ್ನು ಹಿಡಿದು ಬಡಿಯುವುದು?

ಅವಳು ಚೀಲವನ್ನು ಕೆಳಗಿಳಿಸಿದಳು. ಅಂಗೈಗೆ ಬಿಸಿರೊಟ್ಟಿಯಷ್ಟು ಕಾವು ತಾಗಿತು.

ಮರುದಿನ ರವಿವಾರ. ಪ್ರಣವ್ ಕುಣಿದಾಡಿದ. "ನಾನು ಹೇಳಲಿಲ್ವಾ, ಬಿಸಿ ಅಂತ! ಮುಗೀತು ಮೇಡಂ. 'ಬಿಸಿ ಮಾಡಬಾರದು' ಅಂತ ಕೆಂಪಕ್ಷರದಲ್ಲಿ ಒಂದು ಸ್ಟಿಕರ್ ಅಂಟಿಸೋಣ. ಸಂಜೆ ಬಸ್ಸಿಗೆ ನಾನು ಊರಿಗೆ."

"ಸ್ಟಿಕರ್ ಈಗೂ ಐತಲ್ಲ. ತಂಪು ಜಾಗಾದಾಗ ಇಡ್ರಿ ಅಂತ. ಅದನ್ನ ಓದೇ ಫ್ರಿಜ್ಜಿನಾಗ ಇಡತಾರ. ತಗದ ಮ್ಯಾಲ ಏನ್ ಮಾಡ್ತಾರ ಅಂತ ನಿನ್ನ ಸ್ಟಿಕರಿಗೆ ಗೊತ್ತಾಗತೈತೇನು?"

"ಟ್ರೈನಿಂಗ್ ಕೊಡಿ."

"ಕೊಡ್ತೀನಿ. ಇವತ್ತ ರೋಹಿಣಿ ಕಲೀತಾಳ. ಮುಂದಿನ ಚಳಿಗೆ ಹೊಸ ಹುಡುಗಿ ಬರತಾಳ. ಇನ್ನೊಂದ್ ಊರಾಗ ಇನ್ನೊಬ್ಬ ನಿಂಬೆವ್ವ ಕಾಲ ಬೀಳತಾಳ. ಹೇಳೂದು ಹೇಳೂಣು ತಮ್ಮಾ. ಆದ್ರ ನಾವ್ ಹೇಳಿದ್ದರ ಮ್ಯಾಲ ಕೂಸಿನ ಜೀವಾ ಇಡೂದು ಬ್ಯಾಡ. ಮಿಷನ್ನಿಗೇ ತಿಳೀಬೇಕು. ಹೊರಗ ಹೋದ ಬ್ಯಾಗನ್ನ ಯಾರರ ಬೆಚ್ಚಗ ಮಾಡೇ ಮಾಡ್ತಾರ ಅಂತ ಹಿಡದ ಅದು ಅಡಗಿ ಮಾಡಬೇಕು."

"ಅಂದ್ರೆ?"

"ಈಗ ಅದು ಗುಟುಕು ತಗದು ನೋಡತೈತಲ್ಲ, ತಣ್ಣಂದ ನೋಡತೈತಿ. ಕಾಸಿ ನೋಡ್ಲಿ. ವಾರ್ಮರಿನ ನೆತ್ತಿ ಎಷ್ಟ ಕಾಯತೈತೋ ಅಷ್ಟ ಕಾಸಲಿ. ಹರಳ ಬಂತೋ, ಆ ಬ್ಯಾಗ ಹೊರಗ ಬರಬಾರದು."

ಪ್ರಣವ್ ತಲೆ ಕೆರೆದುಕೊಂಡ. "ಕಾಸೋಕೆ ಅದರಲ್ಲಿ ಹೀಟರ್ ಇಲ್ಲ."

"ಖರೇನ ಇಲ್ಲೇನು?"

ಅವನು ಇಲ್ಲ ಎಂದು ಹೇಳುವವನಿದ್ದ. ಬಾಯಿ ಅರ್ಧದಲ್ಲೇ ನಿಂತಿತು. ಆ ಗುಟುಕು ಹಿಡಿಯುವ ಗಾಜಿನ ಬಟ್ಟಲನ್ನು ದಿನಕ್ಕೊಮ್ಮೆ ಬಿಸಿ ನೀರಿನಲ್ಲಿ ತೊಳೆಯಲು ಒಂದು ಸಣ್ಣ ಕಾವಿನ ತಂತಿ ಇತ್ತು. ತೊಳೆಯುವಾಗ ಮಾತ್ರ ಅದಕ್ಕೆ ಕರೆಂಟು. ಬೇರೆ ಹೊತ್ತಿನಲ್ಲಿ ಹರಿಸಬಾರದೆಂದು ಎಲ್ಲೂ ಬರೆದಿರಲಿಲ್ಲ.

"ಇದೆ," ಅಂದ ಮೆಲ್ಲಗೆ. "ಆದ್ರೆ ಮೇಡಂ, ಕಾಸಿ ನೋಡಿದ್ರೆ ಈಗಿನ ಲೆಕ್ಕದ ಎಲ್ಲಾ ಬ್ಯಾಗೂ ಫೇಲಾಗುತ್ತೆ. ಕ್ಯಾಲ್ಸಿಯಂ ಕಡಿಮೆ ಮಾಡ್ಬೇಕಾಗುತ್ತೆ."

"ಕಡಿಮಿ ಮಾಡೂಹಂಗಿಲ್ಲ." ಬಾಗಿಲಲ್ಲಿ ನಿಂತಿದ್ದ ಮುಲ್ಲಾ ಅಂದರು. "ಎಲುಬು ಪಾಪಡ ಆಗ್ತಾವ. ಎತ್ತಿಕೊಂಡ್ರ ಮುರೀತಾವ."

"ಕ್ಯಾಲ್ಸಿಯಂ ಮುಟ್ಟಬ್ಯಾಡ," ಅಂದಳು ನೀಲಾಂಬಿಕಾ. "ಫಾಸ್ಫೇಟ್ ಬದಲಿ ಮಾಡು."

ಫಾಸ್ಫೇಟಿನಲ್ಲಿ ಎರಡು ಜಾತಿ. ಆಸ್ಪತ್ರೆಗೆ ಬರುತ್ತಿದ್ದುದು ಹಳೆಯ ಜಾತಿಯದು, ಕ್ಯಾಲ್ಸಿಯಂ ಕಂಡರೆ ಹೋಗಿ ಅಂಟಿಕೊಳ್ಳುವಂಥದ್ದು. ಇನ್ನೊಂದು ಜಾತಿಯಲ್ಲಿ ಫಾಸ್ಫೇಟಿನ ಕೈಗಳನ್ನು ಮೊದಲೇ ಬೇರೊಂದು ಕಣ ಹಿಡಿದುಕೊಂಡಿರುತ್ತದೆ. ಕೂಸಿನ ರಕ್ತಕ್ಕೆ ಸೇರಿದ ಮೇಲೆಯೇ ಬಿಡುವುದು. ಅಲ್ಲಿಯವರೆಗೆ ಎಷ್ಟು ಕಾಸಿದರೂ ಹರಳು ಕಟ್ಟುವುದಿಲ್ಲ. ಅದಕ್ಕೆಂದೇ ಅತ್ತೆಯೊಳಗೆ ಒಂದು ಗೂಡು ಇತ್ತು. ಖರೀದಿ ಮಾಡುವವರು ಎರಡೂ ಒಂದೇ ಎಂದುಕೊಂಡು ತರಿಸಿರಲಿಲ್ಲ. ಬಂದ ದಿನದಿಂದ ಆ ಗೂಡು ಖಾಲಿ.

"ಪಕ್ಕದ ಜಿಲ್ಲಾದ ಮೆಡಿಕಲ್ ಕಾಲೇಜಿನಾಗ ಐತಿ," ಅಂದಳು. "ಅಲ್ಲಿ ಫಾರ್ಮಸಿಯವ ನನ್ನ ಜೋಡಿ ಓದಿದಾಂವ. ಬಾಯಿ ಬಿಟ್ಟು ಕೇಳಿದ್ರ ಕೊಡ್ತಾನ. ಕೊಡಲಿಲ್ಲಂದ್ರ ನನ್ನ ಬಾಯಿ ಎಂಥಾದ್ದಂತ ಅವಂಗ ಗೊತ್ತೈತಿ."

"ಬೆಂಗಳೂರು ಆಫೀಸಿಂದ ಅಪ್ರೂವಲ್ ಬೇಕು. ಭಾನುವಾರ ಯಾರೂ ಫೋನ್ ಎತ್ತಲ್ಲ."

"ಎತ್ತೂತನಕ ಹಚ್ಚು. ಕೂಸಿನ ಹಸಿವಿಗೆ ರವಿವಾರ ಸೂಟಿ ಇರೂದಿಲ್ಲ."

ಪ್ರಣವ್ ಅವಳ ಮುಖ ನೋಡಿದ, ಸ್ವೆಟರಿನ ತೋಳು ಮೇಲೇರಿಸಿದ, ಫೋನು ಎತ್ತಿಕೊಂಡ. ಅವತ್ತು ಬಸ್ಸಿನ ಮಾತು ಮತ್ತೆ ಬರಲಿಲ್ಲ.

ನೀಲಾಂಬಿಕಾ ಔಷಧದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬರುವಷ್ಟರಲ್ಲಿ ಹುಡುಗ ಅತ್ತೆಯ ಹೊಟ್ಟೆ ಬಿಚ್ಚಿ ತಂತಿಗೆ ಹೊಸ ಆಜ್ಞೆ ಬರೆದಿದ್ದ. ಅವನ ಮೇಲಧಿಕಾರಿ ಅತ್ತ ಕಡೆಯಿಂದ ಪರದೆಯಲ್ಲಿ ಒಂದೊಂದು ಸಾಲನ್ನೂ ನೋಡುತ್ತ, ಒಂದೆರಡು ಕಡೆ ತಿದ್ದಿಸಿ, ಪರೀಕ್ಷೆಗೆ ಒಪ್ಪಿದ್ದ. ಕೂಸಿಗೆ ಕೊಡಬೇಕಾದರೆ ಮಾತ್ರ ಆಸ್ಪತ್ರೆಯ ಸಹಿ ಬೇಕು. ಮೊದಲು ಹಳೆಯ ಫಾಸ್ಫೇಟಿನ ಚೀಲ ಮಾಡಿಸಿದರು. ಅತ್ತೆ ಗುಟುಕು ತೆಗೆದಳು, ಕಾಸಿದಳು, ನೋಡಿದಳು, ಕಿವಿ ತೂತಾಗುವ ಹಾಗೆ ಕೂಗಿದಳು. ಚೀಲ ಹೊರಗೆ ಬರಲಿಲ್ಲ. ನೀಲಾಂಬಿಕಾ, ಪ್ರಣವ್, ಮುಲ್ಲಾ ಮೂವರಿಗೂ ಆ ಕೂಗು ಮಂಗಳವಾದ್ಯದಂತೆ ಕೇಳಿಸಿತು. ಆಮೇಲೆ ಹೊಸದು. ಕಾಸಿದಳು. ನೋಡಿದಳು. ಮತ್ತೆ ನೋಡಿದಳು. ಹಸಿರು ದೀಪ.

ಸೋಮವಾರದ ಸಭೆ ನಡೆದದ್ದು ಕಟ್ಟೀಮನಿಯವರ ಕೋಣೆಯಲ್ಲಲ್ಲ, ವಾರ್ಡಿನ ಪಕ್ಕದ ಖಾಲಿ ಕೋಣೆಯಲ್ಲಿ. ಅಲ್ಲೇ ಆಗಬೇಕೆಂದು ನೀಲಾಂಬಿಕಾ ಹಟ ಹಿಡಿದಿದ್ದಳು. ಒಂದು ವಾರ್ಮರ್ ಉರಿಯುತ್ತಿತ್ತು. ಅದರ ನೆತ್ತಿಯ ಮೇಲೆ ಎರಡು ಚೀಲ, ಒಂದು ಮೊದಲೇ ತಯಾರಾಗಿ ಫ್ರಿಜ್ಜಿನಲ್ಲಿ ಉಳಿದಿದ್ದ ಹಳೆಯದು, ಒಂದು ಹೊಸದು. ಎರಡಕ್ಕೂ ನಳಿಕೆ, ನಳಿಕೆಗೆ ಬೆಳಕಿನ ಕಣ್ಣು.

ಸ್ವಲ್ಪ ಹೊತ್ತಿಗೆ ಹಳೆಯ ಚೀಲದ ಕಣ್ಣು ಕೆಂಪಾಗಿ ಕೂಗಿತು. ಕಟ್ಟೀಮನಿ ಬೆಚ್ಚಿ ಹಿಂದೆ ಸರಿದರು.

"ಇದ ಕಾರಣ," ಅಂದಳು ನೀಲಾಂಬಿಕಾ.

"ಅಂದ್ರ ನಮ್ಮವರ ಯಾರೋ ಹಿಂಗ ಇಡತಿದ್ರು! ಯಾರದು? ಹೆಸರ ಹೇಳ್ರಿ. ಇವತ್ತ ಸಸ್ಪೆಂಡ್ ಮಾಡ್ತೀನಿ."

ಬಾಗಿಲ ಹತ್ತಿರ ನಿಂತಿದ್ದ ರೋಹಿಣಿ ನೀಲಾಂಬಿಕಾಳ ಕಡೆ ನೋಡಿದಳು.

"ಹೆಸರ ಹೇಳೂದಿಲ್ರಿ."

"ಏನಂದ್ರಿ?"

"ಹೇಳೂದಿಲ್ಲಂದೆ. ನೀವು ಇವತ್ತ ಒಬ್ಬರನ್ನ ಹಿಡದ್ರ ನಾಳಿಂದ ಈ ಆಸ್ಪತ್ರ್ಯಾಗ ಯಾರೂ ಖರೇ ಹೇಳೂದಿಲ್ಲ. ಖರೇ ಹೇಳಲಿಲ್ಲಂದ್ರ ಮುಂದಿನ ಹರಳ ನನಗ ಸಿಗೂದಿಲ್ಲ. ಬೇಕಾದ್ರ ನನ್ನ ಸಸ್ಪೆಂಡ್ ಮಾಡ್ರಿ. ಮಾಡೂ ಮೊದಲ ಅಲ್ಲಿ ನೋಡ್ರಿ."

ಹೊಸ ಚೀಲ ಅದೇ ಕಾವಿನಲ್ಲಿ ಮಲಗಿತ್ತು. ಅದರ ಕಣ್ಣು ಹಸಿರಾಗಿಯೇ ಇತ್ತು. ಎಲ್ಲರೂ ಕಾಯ್ದರು. ಕಟ್ಟೀಮನಿ ಒಂದು ಕುರ್ಚಿ ಎಳೆದುಕೊಂಡು ಕೂತರು. ಚಹಾ ಬಂತು, ಲೋಟ ಖಾಲಿಯಾಯಿತು. ಕಣ್ಣು ಹಸಿರು. ಪ್ರಣವ್ ಎದ್ದು ಹೋಗಿ ಚೀಲ ಮುಟ್ಟಿ, ಕೈ ಸುಟ್ಟವನ ಹಾಗೆ ಹಿಂತೆಗೆದ. ಕಣ್ಣು ಹಸಿರು.

"ಇಷ್ಟ ಬಿಸಿ ಮಾಡಬಾರದು ಅನ್ನೂದು ಮಾತ್ರ ಉಳದ ಮಾತು," ಅಂದಳು. "ಬಿಸಿಗೆ ವಿಟಮಿನ್ ಸಾಯ್ತಾವ. ಅದನ್ನ ಎಲ್ಲಾರಿಗೂ ಹೇಳ್ತೀವಿ. ಕೇಳಿದವರು ಕೇಳ್ತಾರ. ಕೇಳದವರ ಕೈಯಾಗೂ ಕೂಸು ಸಾಯಬಾರದು. ಅಷ್ಟ ನನ್ನ ಮಾತು."

ಕಟ್ಟೀಮನಿ ಮುಲ್ಲಾ ಕಡೆ ನೋಡಿದರು. ಮುಲ್ಲಾ ಕೈ ಚಾಚಿ ಸಹಿಗೆ ಪೆನ್ನು ಕೊಟ್ಟರು.

ಅವತ್ತು ನಿಂಬೆವ್ವನ ಮೊಮ್ಮಗಳಿಗೆ ಹೊಸ ಚೀಲ ಬಂದಾಗ ನೀಲಾಂಬಿಕಾ ತಾನೇ ಜೊತೆಗೆ ಬಂದಳು. ರೋಹಿಣಿ ಚೀಲವನ್ನು ಹೊರಗಿನ ಗಾಳಿಗೆ ಸ್ವಲ್ಪ ಹೊತ್ತು ಇಟ್ಟು, ನೇರ ಕಂಬಕ್ಕೆ ತೂಗುಹಾಕಿದಳು. ನಿಂಬೆವ್ವನ ಹುಬ್ಬು ಗಂಟಿಕ್ಕಿತು.

"ಬೆಚ್ಚಗ ಮಾಡಲಿಲ್ಲಲ್ಲಬೇ."

"ಬಾ ಇಲ್ಲಿ. ಕೈ ತೊಳಕೊಂಡ ಬಾ."

ಕೂಸಿನ ತೊಟ್ಟಿಲೊಳಗೆ, ವಾರ್ಮರಿನ ಕಾವಿನಡಿ ಹಾವಿನಂತೆ ಸುತ್ತಿ ಬಂದಿದ್ದ ನಳಿಕೆಯ ತುದಿಯನ್ನು ನೀಲಾಂಬಿಕಾ ಬೆರಳಿಂದ ತೋರಿಸಿದಳು. ಒಂದೊಂದೇ ಹನಿಯಾಗಿ, ಇರುವೆಯ ನಡಿಗೆಯಲ್ಲಿ ಇಳಿಯುವ ಊಟ ಅದು. ಕಾವಿನಡಿ ಅಷ್ಟು ದೂರ ಬರುವಷ್ಟರಲ್ಲಿ ಮೈಯ ಬಿಸುಪಿಗೆ ಬಂದಿರುತ್ತಿತ್ತು. ಯಾರೂ ಯಾವತ್ತೂ ಅಜ್ಜಿಗೆ ಅದನ್ನು ಮುಟ್ಟಿಸಿ ತೋರಿಸಿರಲಿಲ್ಲ, ಅಷ್ಟೆ.

ನಿಂಬೆವ್ವ ಅರಳೆಯಲ್ಲಿ ಒರಟಾದ ಬೆರಳನ್ನು ಹಿಂದುಮುಂದಾಗಿಸಿ, ಬೆರಳ ಬೆನ್ನನ್ನು ನಳಿಕೆಗೆ ಸೋಕಿಸಿದಳು. ಕಣ್ಣು ಮುಚ್ಚಿದಳು.

"ಬೆಚ್ಚಗೈತಿ," ಅಂದಳು. ಆಮೇಲೆ ನಿರಾಳವಾಗಿ ಗೋಡೆಗೆ ಒರಗಿ, ಎಷ್ಟೋ ದಿನದಿಂದ ಬಾಕಿ ಉಳಿಸಿಕೊಂಡಿದ್ದ ನಿದ್ದೆ ಮಾಡಿದಳು.

ಕೂಸಿನ ತೂಕ ಮೊದಲು ನಿಂತಿತು, ಆಮೇಲೆ ಏರಿತು. ಚಳಿ ಕಳೆದು ಬೇವು ಚಿಗುರುವ ಹೊತ್ತಿಗೆ ಗೇಣುದ್ದದ ಕರುಳು ತಾಯಿಯ ಹಾಲನ್ನು ಹನಿಹನಿಯಾಗಿ ಒಪ್ಪಿಕೊಂಡಿತು. ಹೆಸರಿಡುವ ದಿನ ನಿಂಬೆವ್ವ ಔಷಧ ವಿಭಾಗದ ಕಿಟಕಿಗೆ ಬಂದು ಗಾಜಿನಾಚೆ ನಿಂತಿದ್ದ ಯಂತ್ರಕ್ಕೆ ಮೊಮ್ಮಗಳ ಮುಖ ತೋರಿಸಿದಳು. "ನೋಡು, ನಿಮ್ಮತ್ತಿ," ಅಂದಳು. ಕೂಸು ಆಕಳಿಸಿತು.

ಹೊಸ ಆಜ್ಞೆ ಹಿರೇಬಾವಿಯಲ್ಲೇ ಉಳಿಯಲಿಲ್ಲ. ನೀಲಾಂಬಿಕಾ ಕಂಪನಿಯವರ ಬೆನ್ನು ಬಿಡಲಿಲ್ಲ, ಖರೀದಿಯವರ ತಲೆ ತಿಂದಳು. ಒಂದೊಂದೇ ಆಸ್ಪತ್ರೆಯ ಯಂತ್ರ ಕಾಸಿ ನೋಡುವುದನ್ನು ಕಲಿಯಿತು, ಒಂದೊಂದೇ ಖಾಲಿ ಗೂಡು ತುಂಬಿತು.

ಮುಂದಿನ ಚಳಿಗಾಲ. ನೀಲಾಂಬಿಕಾ ಎಂದೂ ಕಾಣದ ಒಂದು ಊರು. ಅವಳ ಹೆಸರನ್ನೇ ಕೇಳದ ಒಬ್ಬ ಹೊಸ ನರ್ಸು ಫ್ರಿಜ್ಜಿನಿಂದ ಚೀಲ ತೆಗೆದಳು. ಕೈಗೆ ಕೊರೆಯುವಷ್ಟು ಥಂಡಿ. ತೊಟ್ಟಿಲಲ್ಲಿ ಅಂಗೈ ಅಗಲದ ಕೂಸು. ಪಾಪ ಅನ್ನಿಸಿತು. ಸುತ್ತ ನೋಡಿ, ಚೀಲವನ್ನು ವಾರ್ಮರಿನ ನೆತ್ತಿಯ ಮೇಲೆ ಮಲಗಿಸಿ ಬಟ್ಟೆ ಹೊದಿಸಿದಳು. ಬೆಚ್ಚಗಾದ ಮೇಲೆ ಹಚ್ಚಿದಳು.

ಏನೂ ಆಗಲಿಲ್ಲ.